ಹೊಸ್ತಿಲ ಮಾತು

ಗೋವಾದ ಮಂಗೋರ್ ಹಿಲ್ಲಿನ ಆ ಓಣಿಯಲ್ಲಿ ಬೆಳಿಗ್ಗೆ ಗಂಡಸರು ಕೆಲಸಕ್ಕೆ ಹೊರಡುವ ಹೊತ್ತಿಗೆ ಯಾರೂ ಕೆಟ್ಟ ಮಾತು ಆಡುವುದಿಲ್ಲ. ಡಬ್ಬಿಯಲ್ಲಿ ಅಕ್ಕಿ ಇಲ್ಲದಿದ್ದರೂ ಹೇಳುವುದಿಲ್ಲ, ಕೂಸಿಗೆ ಜ್ವರ ಬಂದಿದ್ದರೂ ಹೇಳುವುದಿಲ್ಲ. ಊರಿನಿಂದ ಸಾವಿನ ಸುದ್ದಿ ಬಂದರೂ ಸಂಜೆಯವರೆಗೆ ಹೊಟ್ಟೆಯಲ್ಲಿಟ್ಟುಕೊಳ್ಳುತ್ತಾರೆ. ಗಂಡ ಹೊಸ್ತಿಲು ದಾಟುವಾಗ ಹೆಂಡತಿ ಹೇಳಬೇಕಾದದ್ದು ಇಷ್ಟೇ: ಎಲ್ಲಾ ಆರಾಮ, ಹೋಗಿ ಬರ್ರಿ. ಬಾದಾಮಿ, ಹುನಗುಂದ, ಮುದ್ದೇಬಿಹಾಳದ ಕಡೆಯಿಂದ ಬಂದ ಆ ಗಂಡಸರು ವಾಸ್ಕೋ ಸುತ್ತಮುತ್ತ ಎಲ್ಲಿ ಕಟ್ಟಡ ಏಳುತ್ತದೋ ಅಲ್ಲಿ ಬಿದಿರಿನ ಪರಾಂಚಿ ಕಟ್ಟಿಕೊಂಡು, ಅದರ ಮೇಲೆ ನಿಂತು ದಿನ ತೆಗೆಯುವವರು. ಕಾಲು ಜಾರಿದರೆ ಹಿಡಿಯುವವರಿಲ್ಲ. ಅಂಥವರನ್ನು ಅಪಶಕುನದ ಮಾತು ಹೇಳಿ ಕಳಿಸಬಾರದು.

ಚಂದವ್ವನಿಗೆ ಈ ಪಾಠವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳ ಸ್ವಂತ ಅಣ್ಣ ಮಲಕಪ್ಪ ಒಂದು ಬೆಳಿಗ್ಗೆ ಹೆಂಡತಿಯ ಜೊತೆ ಜಗಳ ಮಾಡಿಕೊಂಡು ಹೊರಟಿದ್ದ. ದೊಡ್ಡ ಜಗಳವೇನಲ್ಲ, ರೊಟ್ಟಿ ತಣ್ಣಗಾಗಿದ್ದರ ಬಗ್ಗೆ. ಸಿಟ್ಟಿನ ಭರದಲ್ಲಿ ಹೆಂಡತಿ, ಹೋದರೆ ಹೋಗು, ತಿರುಗಿ ಬರಬೇಡ ಎಂದಳು. ಅವನು ತಿರುಗಿ ಬರಲಿಲ್ಲ. ಮಧ್ಯಾಹ್ನ ಆರನೇ ಅಂತಸ್ತಿನಿಂದ ಬಿದ್ದ. ಹಗ್ಗ ಹಳೆಯದಾಗಿತ್ತು, ಬಿದಿರು ಕೊಳೆತಿತ್ತು, ಗುತ್ತಿಗೆದಾರ ಹೊಸದು ತರಿಸಿರಲಿಲ್ಲ. ಆದರೆ ಗುತ್ತಿಗೆದಾರ ಓಣಿಯ ಜನರ ಕೈಗೆ ಸಿಗುವವನಲ್ಲ, ಹೆಂಡತಿ ಸಿಗುವವಳು. ಆ ಹೆಣ್ಣುಮಗಳನ್ನು ಬಾಯಿಗೆ ಬಂದಂತೆ ಬೈದು ತವರಿಗೆ ಅಟ್ಟಿದರು. ಬೈದವರಲ್ಲಿ ಚಂದವ್ವನೇ ಮುಂದಿದ್ದಳು.

ಚಂದವ್ವನ ಗಂಡ ಹುಲಿಗೆಪ್ಪ ಒಳ್ಳೆಯ ಗೌಂಡಿ. ಅವನು ಗಿಲಾಯ ಮಾಡಿದ ಗೋಡೆಯ ಮೇಲೆ ಕೈಯಾಡಿಸಿದರೆ ಒಂದು ಉಬ್ಬು ತಗ್ಗೂ ಸಿಗುತ್ತಿರಲಿಲ್ಲ. ಅವನು ಗೋಡೆ ಕಟ್ಟುವುದು, ಅವಳು ಗಾರೆಯ ಬುಟ್ಟಿ ಹೊರುವುದು, ಹೀಗೆ ಗೋವಾಕ್ಕೆ ಬಂದಾಗಿನಿಂದ ಇಬ್ಬರೂ ಒಂದೇ ಸೈಟಿನಲ್ಲಿ ದುಡಿದವರು. ಒಬ್ಬಳೇ ಮಗಳನ್ನು ಮದುವೆ ಮಾಡಿ ಊರ ಕಡೆ ಕೊಟ್ಟಿದ್ದರು. ಬುಟ್ಟಿ ಹೊರುವ ಹೆಂಗಸರೆಲ್ಲರಂತೆ ಚಂದವ್ವನೂ ದವಡೆಯಲ್ಲಿ ತಂಬಾಕು ಸುಣ್ಣ ಒತ್ತಿಕೊಂಡೇ ಹಸಿವು ನೂಕುತ್ತಿದ್ದಳು. ಆ ದವಡೆಯಲ್ಲೇ ಹುಣ್ಣಾಯಿತು. ದೊಡ್ಡಾಸ್ಪತ್ರೆಯಲ್ಲಿ ಅರ್ಧ ದವಡೆ ಕತ್ತರಿಸಿ ತೆಗೆದರು, ತೊಡೆಯ ಚರ್ಮ ತಂದು ಕೆನ್ನೆಗೆ ಹಚ್ಚಿದರು, ಆಮೇಲೆ ರೇಡಿಯೇಶನ್ನಿನ ಕರೆಂಟು ಕೊಟ್ಟರು. ಕ್ಯಾನ್ಸರ್ ಹೋಯಿತು ಎಂದರು. ಆದರೆ ಕರೆಂಟು ಕೊಟ್ಟ ಬಾಯಿ ದಿನದಿನಕ್ಕೆ ಬಿಗಿಯುತ್ತದೆ, ಬಿಗಿಯಲು ಬಿಟ್ಟರೆ ತುತ್ತು ಒಳಗೆ ಹೋಗುವುದಿಲ್ಲ, ಬೇನೆ ತಿರುಗಿ ಬಂದರೂ ಒಳಗೆ ನೋಡಲಾಗುವುದಿಲ್ಲ ಎಂದೂ ಹೇಳಿದರು. ಅದಕ್ಕೆ ವ್ಯಾಯಾಮ ಕಲಿಸಿಕೊಟ್ಟರು. ಐಸ್‌ಕ್ರೀಮಿನ ಕಡ್ಡಿಗಳನ್ನು ಒಂದರ ಮೇಲೊಂದು ಪೇರಿಸಿ ಹಲ್ಲುಗಳ ನಡುವೆ ತುರುಕಿಕೊಂಡು ಕೂಡಬೇಕು. ದಿನ ಕಳೆದಂತೆ ಒಂದೊಂದು ಕಡ್ಡಿ ಹೆಚ್ಚು ಹಿಡಿಯಬೇಕು. ಕಡ್ಡಿ ಕಡಿಮೆಯಾಗುತ್ತ ಬಂದರೆ ಕೂಡಲೇ ಓಡಿ ಬರಬೇಕು, ಬೇನೆ ಮರಳಿದ್ದರೆ ಬೇಗ ಬಂದವರು ಉಳಿಯುತ್ತಾರೆ ಎಂದು ಡಾಕ್ಟರು ಗಂಡಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಹೇಳಿದ್ದರು. ಮೊದಲು ತಂಬಾಕು ಇಡುತ್ತಿದ್ದ ಸೊಂಟದ ಚೀಲದಲ್ಲಿ ಚಂದವ್ವ ಈಗ ಕಡ್ಡಿಗಳನ್ನು ಇಟ್ಟುಕೊಂಡಳು.

ಓಡಿ ಬರುವುದು ಹೇಳಿದಷ್ಟು ಸುಲಭವಲ್ಲವಲ್ಲ. ಅದಕ್ಕೇ ಎರಡು ಸಾವಿರದ ಹತ್ತನೇ ಇಸವಿಯಲ್ಲಿ ಪಣಜಿಯ ಒಂದು ಸಂಸ್ಥೆಯವರು ಯೋಜನೆಯೊಂದನ್ನು ತಂದರು. ಹಳ್ಳಿಗಾಡಿನ ಕ್ಯಾನ್ಸರ್ ರೋಗಿಗಳಿಗೆ ಒಂದೊಂದು ಮೊಬೈಲು ಕೊಡುವುದು. ದಿನಾ ಬೆಳಿಗ್ಗೆ ಹತ್ತಕ್ಕೆ ಕಂಪ್ಯೂಟರೇ ಫೋನು ಮಾಡಿ ಯೋಗಕ್ಷೇಮ ಕೇಳುವುದು. ರೋಗಿ ಗುಂಡಿ ಒತ್ತಿ ಉತ್ತರ ಕೊಟ್ಟರೆ ಮನೆಯಲ್ಲಿ ಕೂತಲ್ಲೇ ಆರೈಕೆ. ತಲೆಯ ಮೇಲೆ ವಿಮಾನ ಹಾರುವ, ಬಂದರಿನ ಕಲ್ಲಿದ್ದಲ ಪುಡಿ ಅನ್ನದ ಮೇಲೆ ಕೂರುವ ಮಂಗೋರ್ ಹಿಲ್ ಯಾವ ಲೆಕ್ಕದಲ್ಲಿ ಹಳ್ಳಿ ಎಂದು ಕೇಳಬೇಡಿ. ಚಂದವ್ವನ ರೇಷನ್ ಕಾರ್ಡಿನಲ್ಲಿ ಬಾದಾಮಿ ತಾಲೂಕಿನ ಹಳ್ಳಿಯ ಹೆಸರಿತ್ತು. ಸಂಸ್ಥೆಯವರಿಗೆ ಅಷ್ಟೇ ಸಾಕಾಯಿತು. ಹಳ್ಳಿಗೆ ಹೋಗದೆ ಹಳ್ಳಿಯವಳೊಬ್ಬಳು ಸಿಕ್ಕರೆ ಯಾರು ಬಿಡುತ್ತಾರೆ?

ಫೋನು ತಂದುಕೊಟ್ಟವಳು ಶ್ವೇತಾ. ವಾಸ್ಕೋದಲ್ಲೇ ಹುಟ್ಟಿ ಬೆಳೆದ ಗದಗದವರ ಹುಡುಗಿ. ಕಂಪ್ಯೂಟರಿನ ಕನ್ನಡ ದನಿಯೂ ಅವಳದೇ. ‘ಮಾನ್ಯರೇ, ಇಂದು ತಮ್ಮ ನೋವಿನ ಪ್ರಮಾಣ ಎಷ್ಟು’ ಎಂದು ಯಾರೋ ಬರೆದುಕೊಟ್ಟದ್ದನ್ನು ಅವಳು ಅಚ್ಚುಕಟ್ಟಾಗಿ ಓದಿ ಧ್ವನಿಮುದ್ರಣ ಮಾಡಿಸಿದ್ದಳು. ನೋವಿಲ್ಲದಿದ್ದರೆ ಒಂದು ಒತ್ತಬೇಕು, ತಡೆಯಲಾಗದಿದ್ದರೆ ಐದು. ಆಮೇಲೆ ಎಷ್ಟು ಕಡ್ಡಿ ಹಿಡಿದವು ಎಂದು ಒತ್ತಬೇಕು. ಫೋನು ಯಾವಾಗಲೂ ರೋಗಿಯ ಕೈಯಲ್ಲೇ ಇರಬೇಕು ಎಂದು ಅವಳು ಮತ್ತೆ ಮತ್ತೆ ಹೇಳಿದಳು. ಹುಲಿಗೆಪ್ಪ ಹೂಂ ಹೂಂ ಎಂದು ತಲೆಯಾಡಿಸಿದ.

ಅವನ ಸ್ವಂತ ಫೋನು ಹಿಂದಿನ ತಿಂಗಳಷ್ಟೇ ಕಾಂಕ್ರೀಟಿನಲ್ಲಿ ಬಿದ್ದು ಸ್ಲ್ಯಾಬಿನೊಳಗೆ ಸೇರಿಹೋಗಿತ್ತು. ಫೋನಿಲ್ಲದ ಗೌಂಡಿಯನ್ನು ಮುಕಾದಮ ಎಲ್ಲಿಂದ ಹುಡುಕಿ ಕೆಲಸಕ್ಕೆ ಕರೆದಾನು? ಚಂದವ್ವನೇ ಫೋನನ್ನು ಅವನ ಅಂಗಿಯ ಜೇಬಿಗೆ ಹಾಕಿದಳು. ತನಗೆ ಗುಂಡಿ ತಿಳಿಯುವುದಿಲ್ಲ, ಹೊರಳದ ನಾಲಿಗೆಯಲ್ಲಿ ಯಾರ ಜೊತೆ ಮಾತಾಡಲಿ, ಅವರು ಕೇಳಿದರೆ ನೀವೇ ಹೇಳಿಬಿಡ್ರಿ, ನೀವು ನೋಡೇ ನೋಡ್ತೀರಲ್ಲ ಎಂದಳು. ಅವನಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಹೆಂಡತಿಯ ವಿಷಯ ಗಂಡನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತದೆ?

ಅವನು ಅಸಡ್ಡೆ ಮಾಡಿದ ಎಂದು ಮಾತ್ರ ಯಾರೂ ಹೇಳುವಂತಿಲ್ಲ. ಹತ್ತಕ್ಕೆ ಫೋನು ಬರುತ್ತದೆ, ಉತ್ತರ ತಯಾರಿರಬೇಕು, ಆದ್ದರಿಂದ ಅವನು ಬೆಳಿಗ್ಗೆ ಬುತ್ತಿ ಕೈಗೆ ತೆಗೆದುಕೊಂಡು, ಚಪ್ಪಲಿ ಮೆಟ್ಟಿ, ಒಂದು ಕಾಲು ಹೊರಗಿಟ್ಟು ತಪ್ಪದೆ ಕೇಳುತ್ತಿದ್ದ.

“ಆರಾಮ ಅದಿಯಿಲ್ಲ?”

“ಆರಾಮ ಅದೀನಿ. ಹೋಗಿ ಬರ್ರಿ.”

“ಕಡ್ಡಿ?”

“ಹೋದ ವಾರಕ್ಕಿಂತ ಒಂದ ಜಾಸ್ತಿ.”

ಆ ಮಾತನ್ನು ಅವನು ಹಾಲು ಒಯ್ಯುವವನಂತೆ ಒಂದು ಹನಿ ಚೆಲ್ಲದೆ ಸೈಟಿಗೆ ಒಯ್ಯುತ್ತಿದ್ದ. ಹತ್ತು ಗಂಟೆಗೆ ಫೋನು ರಿಂಗಾದಾಗ ಕರಣಿ ಬದಿಗಿಟ್ಟು, ಹೆಬ್ಬೆರಳಿಗೆ ಮೆತ್ತಿದ ಸಿಮೆಂಟನ್ನು ಅಂಗಿಗೆ ಒರೆಸಿಕೊಂಡು, ಪರಾಂಚಿಯ ಮೇಲೆ ನಿಂತೇ ಒಂದು ಒತ್ತುತ್ತಿದ್ದ. ಆಮೇಲೆ ಕಡ್ಡಿಯ ಸಂಖ್ಯೆ ಒತ್ತುತ್ತಿದ್ದ. ಜೊತೆಯವರು, ಹುಲಿಗೆಪ್ಪನಿಗೆ ದಿನಾ ಯಾವಳೋ ಫೋನು ಮಾಡುತ್ತಾಳೆ ಎಂದು ಚಾಷ್ಟಿ ಮಾಡುತ್ತಿದ್ದರು. ಅವನು ನಗುತ್ತಿದ್ದ. ತನ್ನ ಹೆಂಡತಿಯ ಬಾಯಿ ದಿನಕ್ಕಿಷ್ಟು ತೆರೆಯುತ್ತಿದೆ ಎಂಬುದು ಅವನಿಗೆ ಖುಷಿಯ ಸಂಗತಿ, ಅದರಲ್ಲಿ ಕಪಟವಿರಲಿಲ್ಲ.

ಶ್ವೇತಾ ಮೊದಮೊದಲು ಮನೆಗೆ ಬಂದು ಹೋಗುತ್ತಿದ್ದಳು. ಆಮೇಲೆ ಬರುವುದು ಬಿಟ್ಟಳು. ಅದಕ್ಕೂ ಒಂದು ಪದ್ಧತಿ ಇತ್ತು. ಪಣಜಿಯ ಕಂಪ್ಯೂಟರಿನಲ್ಲಿ ನೋವು ಹೆಚ್ಚು ಎಂದು ಒತ್ತಿದವರ ಹೆಸರು ಕೆಂಪಾಗುತ್ತದೆ, ಆರಾಮ ಇದ್ದವರ ಹೆಸರು ಹಸಿರಾಗುತ್ತದೆ. ಕೆಂಪಿನವರ ಮನೆಗೆ ಮಾತ್ರ ಜೀಪು ಹೋಗುತ್ತದೆ. ಚಂದವ್ವನಷ್ಟು ಹಸಿರಾದ ರೋಗಿ ಇಡೀ ಯೋಜನೆಯಲ್ಲೇ ಇರಲಿಲ್ಲ.

ಮಳೆಗಾಲ ಕಳೆಯುವ ಹೊತ್ತಿಗೆ ಪಕ್ಕದ ಮನೆಯ ದ್ರಾಕ್ಷಾಯಿಣಿ ಒಂದು ಸಂಜೆ ನಳದ ಹತ್ತಿರ ಹುಲಿಗೆಪ್ಪನನ್ನು ತಡೆದು ನಿಲ್ಲಿಸಿದಳು. ಚಂದವ್ವ ಮೂರು ಚಮಚ ಗಂಜಿ ಕುಡಿಯಲು ಅರ್ಧ ಹೊತ್ತು ತೆಗೆದುಕೊಳ್ಳುತ್ತಾಳೆ, ಕುಡಿದದ್ದೂ ಕಟವಾಯಿಯಿಂದ ಹೊರಗೆ ಬರುತ್ತದೆ, ಹಿತ್ತಲಿನಲ್ಲಿ ಅವಳು ಒಗೆಯುವ ಬಟ್ಟೆ ತುಂಡಿನಲ್ಲಿ ರಕ್ತ ಕಂಡಿದ್ದೇನೆ ಎಂದಳು. ಹುಲಿಗೆಪ್ಪ ಕೈಯಲ್ಲಿದ್ದ ಕೊಡ ಕೆಳಗಿಟ್ಟ. ಆದರೆ ಅವನು ಮನೆಯೊಳಗೆ ಹೋಗಿ ಹೆಂಡತಿಯನ್ನು ಕೇಳಲಿಲ್ಲ. ಅಲ್ಲೇ ನಳದ ಬಳಿ ನಿಂತು ಶ್ವೇತಾಗೆ ಫೋನು ಹಚ್ಚಿದ. ಅವಳು ಕಂಪ್ಯೂಟರು ನೋಡಿ, ಗಾಬರಿ ಆಗಬ್ಯಾಡ್ರಿ ಕಾಕಾ, ನಿಮ್ಮವರು ಹಸಿರು ಅದಾರ, ಎಲ್ಲಾರಿಗಿಂತ ಚಲೋ ಅದಾರ ಎಂದಳು. ಅವನಿಗೆ ಹೋದ ಜೀವ ಬಂದಂತಾಯಿತು. ತಾನೇ ಒತ್ತಿದ ಅಂಕಿ ಪಣಜಿಗೆ ಹೋಗಿ ತಿರುಗಿ ತನ್ನ ಕಿವಿಗೇ ಬಂದಾಗ ಅವನು ಅದನ್ನು ಡಾಕ್ಟರ ಮಾತು ಎಂದುಕೊಂಡ. ದ್ರಾಕ್ಷಾಯಿಣಿಗೆ, ಮಷಿನ್ನು ಸುಳ್ಳು ಹೇಳ್ತದೇನವ್ವಾ ಎಂದು ಹೇಳಿ ಕೊಡ ಎತ್ತಿಕೊಂಡು ಹೋದ.

ಅವನ ಸಂಜೆಗಳು ಹೇಗಿದ್ದವು ಎಂಬುದನ್ನೂ ಹೇಳಬೇಕು. ಬಂದವನೇ ಕೈಕಾಲು ತೊಳೆದು, ಗುಡ್ಡದ ಕೆಳಗಿನ ಅಂಗಡಿಯಲ್ಲಿ ಒಂದು ಗ್ಲಾಸು ಹಾಕಿ, ಉಂಡು, ಟೀವಿಯ ಮುಂದೆ ಮಲಗಿಬಿಡುತ್ತಿದ್ದ. ಅವನು ಉಣ್ಣುವಾಗ ಅವಳು ಸೆರಗಿನಿಂದ ಅರ್ಧ ಮುಖ ಮುಚ್ಚಿಕೊಂಡು ಗೋಡೆಗೆ ಆತು ಕೂರುತ್ತಿದ್ದಳು. ಅವಳು ಯಾವಾಗ ಉಣ್ಣುತ್ತಾಳೆ ಎಂದು ಅವನು ನೋಡಲಿಲ್ಲ. ಅವಳ ರವಿಕೆ ಸಡಿಲಾದದ್ದನ್ನು ಕಂಡ. ಅವಳ ಹತ್ತಿರ ಒಂದು ಕೆಟ್ಟ ವಾಸನೆ ಬರುತ್ತಿದ್ದದ್ದೂ ಗೊತ್ತಾಯಿತು. ಕೇಳಿದರೆ ಏನು ಹೇಳಿಬಿಡುತ್ತಾಳೋ ಎಂಬ ಹೆದರಿಕೆ ಅವನೊಳಗೆ ಇತ್ತು, ಹಸಿರು ಎಂಬ ಒಂದು ಮಾತು ಆ ಹೆದರಿಕೆಯನ್ನು ಮುಚ್ಚಿಡಲು ಸಾಕಾಗುತ್ತಿತ್ತು. ಹೀಗೆ ಅವನು ಹೆಂಡತಿಯನ್ನು ಕೇಳುವುದನ್ನು ಬೆಳಗಿನ ಹೊಸ್ತಿಲಿಗೇ ಬಿಟ್ಟಿದ್ದ.

ದೀಪಾವಳಿ ಕಳೆದ ಮೇಲೆ ಸಂಸ್ಥೆಯವರು ಪಣಜಿಯ ಹೋಟೆಲೊಂದರಲ್ಲಿ ಸಮಾರಂಭ ಇಟ್ಟುಕೊಂಡರು. ಯೋಜನೆಗೆ ದುಡ್ಡು ಕೊಡುವ ಹೊರದೇಶದವರು ಬರುವವರಿದ್ದರು. ಅವರ ಮುಂದೆ ತೋರಿಸಲು ಎಲ್ಲರಿಗಿಂತ ಹೆಚ್ಚು ಸುಧಾರಿಸಿದ ರೋಗಿಯೊಬ್ಬರು ಬೇಕು. ಕಂಪ್ಯೂಟರು ಚಂದವ್ವನ ಹೆಸರು ಕೊಟ್ಟಿತು. ಚಂದವ್ವ ಬರಲು ಒಪ್ಪಲಿಲ್ಲ, ಈ ಮುಖ ಹೊತ್ತುಕೊಂಡು ದೊಡ್ಡವರ ನಡುವೆ ಎಲ್ಲಿ ಹೋಗಲಿ ಎಂದಳು. ಹುಲಿಗೆಪ್ಪ ಗಂಟು ಬಿದ್ದ. ಜೀಪು ಬಂದಾಗ ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಓಣಿಯವರೆಲ್ಲ ನೋಡಲೆಂದು ನಿಧಾನಕ್ಕೆ ಹತ್ತಿದ. ಅವಳು ಹಿಂದಿನ ಸೀಟಿನಲ್ಲಿ ಕಣ್ಣುಮುಚ್ಚಿ ಕೂತಳು. ಜುವಾರಿ ಸೇತುವೆಯ ಮೇಲೆ ಜೀಪು ಕುಲುಕಿದಾಗಲೆಲ್ಲ ಅವಳ ಕೈ ಕೆನ್ನೆಗೆ ಹೋಗುತ್ತಿತ್ತು.

ಹೋಟೆಲಿನ ಸಭಾಂಗಣದಲ್ಲಿ ತಣ್ಣಗೆ ಏಸಿ ಹಾಕಿದ್ದರು. ಚಂದವ್ವನನ್ನು ವೇದಿಕೆಯ ಮೇಲೆ ಕೂರಿಸಿದರು. ಯೋಜನೆಯ ಮುಖ್ಯ ಡಾಕ್ಟರು ಚಂದವ್ವನ ಹತ್ತಿರ ಬಂದು, ಕಶೆಂ ಆಸಾ ಮಾವಶೀ, ಬರೆಂ ಮೂ ಎಂದು ಕೊಂಕಣಿಯಲ್ಲಿ ಕ್ಷೇಮ ವಿಚಾರಿಸಿದರು. ಅವಳು ತಲೆಯಾಡಿಸಿದಳು. ಆಮೇಲೆ ಪರದೆಯ ಮೇಲೆ ಅವಳ ಹೆಸರು ಬಂತು, ಹೆಸರಿನ ಕೆಳಗೆ ಎಡದಿಂದ ಬಲಕ್ಕೆ ಏರುತ್ತ ಹೋಗುವ ಹಸಿರು ಗೆರೆ. ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಶ್ವೇತಾ ಅವಳ ಕಿವಿಯಲ್ಲಿ ಕನ್ನಡದಲ್ಲಿ ಹೇಳಿದಳು. ನೋವು ಒಂದು ದಿನವೂ ಇಲ್ಲ. ಮೊದಲು ಎಂಟು ಕಡ್ಡಿ ಹಿಡಿಯುತ್ತಿದ್ದ ಬಾಯಲ್ಲಿ ಈಗ ಇಪ್ಪತ್ತಕ್ಕೂ ಹೆಚ್ಚು. ಚಂದವ್ವ ಗೆರೆಯನ್ನು ನೋಡಿದಳು, ಕುತ್ತಿಗೆ ತಿರುಗಿಸಿ ಮುಂದಿನ ಸಾಲಿನಲ್ಲಿ ಎದೆ ಉಬ್ಬಿಸಿ ಕೂತಿದ್ದ ಗಂಡನನ್ನು ನೋಡಿದಳು. ತಾನು ದಿನಾ ಬೆಳಿಗ್ಗೆ ಆಡಿದ ಮಾತು ಎಲ್ಲಿಗೆ ಹೋಗಿದೆ ಎಂದು ಅವಳಿಗೆ ಆಗ ತಿಳಿಯಿತು.

ಕಡ್ಡಿ ಇಟ್ಟು ತೋರಿಸಿ ಎಂದರು ಡಾಕ್ಟರು. ಹೊರದೇಶದವರು ಕ್ಯಾಮೆರಾ ಎತ್ತಿದರು. ಅವಳು ಬೇಡ ಎನ್ನಬಹುದಿತ್ತು. ಆದರೆ ಅಷ್ಟು ಜನರ ಮುಂದೆ ಗಂಡನನ್ನು ಸುಳ್ಳುಗಾರನನ್ನಾಗಿ ಮಾಡುವುದು ಅವಳಿಂದ ಆಗಲಿಲ್ಲ. ಸೊಂಟದ ಚೀಲದಿಂದ ಕಡ್ಡಿಗಳನ್ನು ತೆಗೆದಳು. ಮೂರು ಕಡ್ಡಿ ಒಳಗೆ ಹೋದವು. ನಾಲ್ಕನೆಯದನ್ನು ಎರಡೂ ಕೈಯಿಂದ ಒತ್ತಿದಳು, ಹೋಗಲಿಲ್ಲ, ಮತ್ತೆ ಒತ್ತಿದಳು. ಕಣ್ಣಲ್ಲಿ ನೀರು ಬಂತು. ಗದ್ದದ ಮೇಲಿಂದ ರಕ್ತ ಇಳಿದು ಸಮಾರಂಭದವರು ಹೊದಿಸಿದ ಶಾಲಿನ ಮೇಲೆ ಬಿತ್ತು. ಹೊರದೇಶದವರು ಎತ್ತಿದ ಕ್ಯಾಮೆರಾ ಕೆಳಗಿಳಿಸಿದರು. ಡಾಕ್ಟರು ಚುರುಕಿನ ಮನುಷ್ಯ, ಕೂಡಲೇ ಥ್ಯಾಂಕ್ಯೂ ಎಂದು ತಾವೇ ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ಊಟಕ್ಕೆ ಏಳಿ ಎಂದು ಮೈಕಿನಲ್ಲಿ ಕೂಗಿ ಹೇಳಿದರು.

ಶ್ವೇತಾ ಅವಳನ್ನು ಕೈಹಿಡಿದು ಕೆಳಗಿಳಿಸಿ, ಬೆಳಕಿಗೆ ಕರೆದೊಯ್ದು ಸೆರಗು ಸರಿಸಿ ನೋಡಿದಳು. ಕಿವಿಯ ಕೆಳಗೆ ಕುತ್ತಿಗೆಯಲ್ಲಿ ಅಡಿಕೆಗಾತ್ರದ ಗಂಟುಗಳು ಎದ್ದಿದ್ದವು. ಹುಡುಗಿ ಅತ್ತುಬಿಟ್ಟಳು. ಆಮೇಲೆ ಹುಲಿಗೆಪ್ಪನ ಮೇಲೆ ಹರಿಹಾಯ್ದಳು. ಇದೇನು ಕಾಕಾ, ದಿನಾ ಒಂದು ಒತ್ತಿದವರು ಯಾರು ಎಂದಳು. ನೀನೇ ಹಸಿರು ಅಂದಿಯಲ್ಲವ್ವಾ ಎಂದು ಅವನು ತೊದಲಿದ. ನೀವು ಒತ್ತಿದ್ದಕ್ಕೆ ಹಸಿರು ಅಂದೆ ಎಂದಳು ಅವಳು. ಇಬ್ಬರ ಮಾತೂ ಖರೇ ಇತ್ತು. ಅದರಿಂದ ಚಂದವ್ವನಿಗೆ ಏನೂ ಆಗುವಂತಿರಲಿಲ್ಲ.

ಮನೆಗೆ ಬಂದಾಗ ಹೊತ್ತು ಮುಳುಗುತ್ತಿತ್ತು. ಹುಲಿಗೆಪ್ಪ ಅಂದು ಗುಡ್ಡ ಇಳಿದು ಅಂಗಡಿಗೆ ಹೋಗಲಿಲ್ಲ. ಬಿಳಿ ಅಂಗಿಯಲ್ಲೇ ನೆಲದ ಮೇಲೆ ಕೂತ. ಅವನಿಗೆ ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ಗೊತ್ತಿರಲಿಲ್ಲ, ಎದುರಿಗಿದ್ದವಳು ಅವಳೇ ಆದ್ದರಿಂದ ಅವಳ ಮೇಲೆ ತಿರುಗಿದ.

“ದಿನಾ ಆರಾಮ ಅಂದಿ. ವಾರ ವಾರ ಒಂದ ಕಡ್ಡಿ ಜಾಸ್ತಿ ಅಂದಿ. ಯಾಕ ಹಂಗ ಅಂದಿ?”

ಅವಳಿಗೆ ಮಾತು ಮೊದಲಿನಂತೆ ಸಲೀಸಾಗಿ ಬರುತ್ತಿರಲಿಲ್ಲ. ಒಂದೊಂದೇ ಶಬ್ದವನ್ನು ನಾಲಿಗೆಯಿಂದ ತಳ್ಳಿ ಹೇಳಿದಳು.

“ಪರಾಂಚಿ ಹತ್ತಾವರಿಗೆ ಹೊಸ್ತಿಲದಾಗ ಮತ್ತೇನ ಹೇಳಲಿ? ನಮ್ಮಣ್ಣನ ಗತಿ ನೋಡಿಲ್ಲೇನ ನಾನು? ಹೊಸ್ತಿಲದಾಗ ಆಡಿದ ಮಾತನ್ನ ಖರೇ ಅಂತ ತಿಳಕೊಂಡ್ರೇನು ನೀವು?”

“ಮತ್ತ ಒಳಗರ ಹೇಳಬೇಕಿತ್ತಲ್ಲ.”

“ಒಳಗ ನೀವು ಯಾವತ್ತ ಕೇಳೀರಿ?”

ಕೇಳಿದ್ದ ಒಂದಾದರೂ ಸಂಜೆ ನೆನಪಾಗುತ್ತದೋ ಎಂದು ಹುಲಿಗೆಪ್ಪ ಹುಡುಕಿದ. ಟೀವಿ ನೆನಪಾಯಿತು, ತಾಟು ನೆನಪಾಯಿತು, ಗೋಡೆಗೆ ಆತು ಕೂತ ಅವಳ ಅರ್ಧ ಮುಖ ನೆನಪಾಯಿತು. ತಾನು ಗಂಡಸು ಎಂಬುದನ್ನು ಮರೆತು, ಪಕ್ಕದ ಮನೆಗೆ ಕೇಳುವಂತೆ ಅತ್ತ. ಚಂದವ್ವ ಅವನನ್ನು ಸಮಾಧಾನ ಮಾಡಲಿಲ್ಲ. ಬೇರೆ ದಿನವಾಗಿದ್ದರೆ ಮಾಡುತ್ತಿದ್ದಳು, ಅಂದು ಅವಳಿಗೂ ಸಾಕಾಗಿತ್ತು.

ದೊಡ್ಡಾಸ್ಪತ್ರೆಯ ಡಾಕ್ಟರು ಕೈಚೆಲ್ಲಿದರು. ಮಳೆಗಾಲದಲ್ಲಿ, ಕಡ್ಡಿ ಕಡಿಮೆಯಾಗತೊಡಗಿದಾಗಲೇ ಬಂದಿದ್ದರೆ ಮತ್ತೊಮ್ಮೆ ಕೊಯ್ಯಬಹುದಿತ್ತು, ಈಗ ಕುತ್ತಿಗೆಯ ನರಕ್ಕೆ ಇಳಿದಿದೆ, ನೋವಿನ ಔಷಧಿ ಕೊಡುತ್ತೇವೆ, ಮನೆಯಲ್ಲೇ ಇಟ್ಟುಕೊಳ್ಳಿ ಎಂದರು. ಸಂಸ್ಥೆಯವರೂ ಬಂದರು. ತಪ್ಪು ಮಾಹಿತಿ ಕೊಟ್ಟಿದ್ದರಿಂದ ಚಂದವ್ವನನ್ನು ಯೋಜನೆಯಿಂದ ಕೈಬಿಡಲಾಗಿದೆ ಎಂದು ಹೊಸ ಹುಡುಗನೊಬ್ಬ ಹೇಳಿ ಫೋನು ತೆಗೆದುಕೊಂಡು ಹೋದ. ಅವಳೊಬ್ಬಳನ್ನು ತೆಗೆದರೆ ಉಳಿದ ಲೆಕ್ಕ ಸರಿಯಾಗಿ ಬರುತ್ತಿತ್ತಂತೆ. ಶ್ವೇತಾ ಅವನ ಜೊತೆ ಬರಲಿಲ್ಲ. ಅವಳು ಕೆಲಸ ಬಿಟ್ಟಳೆಂದು ಕೆಲವರು, ಬಿಡಿಸಿದರೆಂದು ಕೆಲವರು ಹೇಳಿದರು.

ಆಮೇಲೆ ಕೆಲವು ದಿನ ಹುಲಿಗೆಪ್ಪ ಕೆಲಸಕ್ಕೆ ಹೋಗದೆ ಮನೆಯಲ್ಲೇ ಕೂತ. ಒಲೆಯ ಮುಂದೆ ಅವಳನ್ನು ಕೂರಿಸಿಕೊಂಡು ಕೇಳಿದ. ಎಲ್ಲಿ ನೋಯುತ್ತದೆ, ಯಾವಾಗಿನಿಂದ, ನುಂಗಿದರೆ ಹೇಗಾಗುತ್ತದೆ, ಮಲಗಿದರೆ ಹೇಗಾಗುತ್ತದೆ. ಅವಳು ಒಂದನ್ನೂ ಬಿಡದೆ ಹೇಳಿದಳು. ಮಳೆಗಾಲದಲ್ಲಿ ಕಡ್ಡಿ ಒಂದೊಂದೇ ಕಡಿಮೆಯಾದದ್ದು, ಅವನು ಉಂಡೆದ್ದ ಮೇಲೆ ಕತ್ತಲಲ್ಲಿ ಕೂತು ಗಂಜಿ ಒಳಗಿಳಿಸಲು ಹೆಣಗಿದ್ದು, ನಳದಿಂದ ಅವನು ಬಂದ ಸಂಜೆ ಇವತ್ತು ಕೇಳುತ್ತಾರೆ ಎಂದು ಕಾದದ್ದು. ಗೋಡೆಯ ಬಿರುಕು ಹಿಡಿಯುವವನ ಕಣ್ಣು ಅವನದು. ಅಂಥವನು ಮನೆಯೊಳಗೆ ಏನೂ ಕಂಡಿರಲಿಲ್ಲ ಎಂಬುದನ್ನು ಅವನು ತಲೆ ತಗ್ಗಿಸಿ ಕೇಳಿಸಿಕೊಂಡ.

ಆದರೆ ನೋವಿನ ಔಷಧಿ ಎಲ್ಲಾ ಸಲ ಆಸ್ಪತ್ರೆಯಲ್ಲಿ ಸಿಗುವುದಿಲ್ಲ. ಹೊಟ್ಟೆಯೂ ಸುಮ್ಮನಿರುವುದಿಲ್ಲ. ಒಂದು ಬೆಳಿಗ್ಗೆ ಅವನು ಮತ್ತೆ ಕರಣಿ, ಓಳಂಬ ಚೀಲಕ್ಕೆ ಹಾಕಿಕೊಂಡ. ದ್ರಾಕ್ಷಾಯಿಣಿ ಹಗಲೆಲ್ಲ ಚಂದವ್ವನ ಹತ್ತಿರ ಕೂರುತ್ತೇನೆಂದು ಬಂದಿದ್ದಳು. ಹುಲಿಗೆಪ್ಪ ಚಪ್ಪಲಿ ಮೆಟ್ಟಿ ಹೊಸ್ತಿಲಿನಲ್ಲಿ ನಿಂತ. ಬಾಯಿಯ ತುದಿಗೆ ಬಂದ ಪ್ರಶ್ನೆಯನ್ನು ನುಂಗಿಕೊಂಡ. ಇನ್ನು ಮೇಲೆ ಇಲ್ಲಿ ನಿಂತು ಏನನ್ನೂ ಕೇಳುವುದಿಲ್ಲ ಎಂದು ಅವನು ನಿಶ್ಚಯ ಮಾಡಿದ್ದ.

ಹಾಸಿಗೆಯಲ್ಲಿದ್ದ ಚಂದವ್ವ ಮೊಣಕೈ ಊರಿ ಅರ್ಧ ಎದ್ದಳು. ಕೆನ್ನೆಯನ್ನು ಅಂಗೈಯಿಂದ ಒತ್ತಿ ಹಿಡಿದುಕೊಂಡು, ಕೇಳದಿದ್ದರೂ ತಾನೇ ಹೇಳಿದಳು.

“ಆರಾಮ ಅದೀನಿ. ಹೋಗಿ ಬರ್ರಿ.”

ಅಂದು ಅವನಿಗೆ ಆರನೇ ಅಂತಸ್ತಿನಲ್ಲಿ ಹೊರಗೋಡೆಯ ಗಿಲಾಯ. ಹಗ್ಗ ಹಳೆಯದು, ಕಣ್ಣಲ್ಲಿ ನೀರು ತುಂಬಿ ಮುಂದಿನ ಬಿದಿರು ಕಾಣುತ್ತಿರಲಿಲ್ಲ, ಎರಡು ಸಲ ಕಾಲು ಜಾರಿತು. ಬಿದ್ದರೆ ಬೀಳಲಿ ಎಂದು ಒಂದು ಗಳಿಗೆ ಅನಿಸಿತೂ ಕೂಡ. ಏನೂ ಆಗಲಿಲ್ಲ. ಸಂಜೆ ಅವನು ಮೈಮೇಲೆ ಒಂದು ಗೀರೂ ಇಲ್ಲದೆ, ದಿನದಂತೆ ಮನೆಗೆ ಬಂದ.